ಪೆಟ್ರೋಲ್ ಬಿಟ್ಟು ಬ್ಯಾಟರಿಗೆ ಬಂದ ಹಳೆ ಗಾಲ್ಫ್ ಕಾರ್ಟ್: ರಿಪೇರಿಯಿಂದ ಲಿಥಿಯಂವರೆಗೆ

ಸೀಟ್ ಎತ್ತಿದ ಕೂಡಲೇ ಪೆಟ್ರೋಲ್ ವಾಸನೆ ಬಂತು. ಕಣ್ಣೆದುರಿಗೆ ಆರು ಬ್ಯಾಟರಿ. ಇಂಜಿನ್ ತೆಗೆದು ಎಷ್ಟೋ ವರ್ಷವಾಗಿದ್ದರೂ ಬ್ಯಾಟರಿಗಳ ಪಕ್ಕದಲ್ಲೇ ಹಳೆ ಪೆಟ್ರೋಲ್ ಟ್ಯಾಂಕ್ ಹಾಗೇ ಕೂತಿತ್ತು. ತಳದಲ್ಲಿ ಒಂದು ಲೋಟದಷ್ಟು ಪೆಟ್ರೋಲ್ ಅಂಟಂಟಾಗಿ ಉಳಿದಿತ್ತು. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಪೆಡಲ್ ಒತ್ತಿದ ಪ್ರತಿ ಸಲ ಸೊಲೆನಾಯ್ಡ್ ಅನ್ನುವ ದೊಡ್ಡ ಸ್ವಿಚ್ಚಿನ ಒಳಗೆ ಕಿಡಿ ಹಾರುತ್ತದೆ. ಅಂಥ ಗಾಡಿಯಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಮನೆಗೆ ಬಂದಿದ್ದೆ. ಈ ಲೇಖನ ಬರೆಯಲು ಆ ದಿನವೇ ಕಾರಣ.

ನಾನಿರುವುದು ಅಮೆರಿಕದ ಜಾರ್ಜಿಯಾದ ಪೀಚ್‌ಟ್ರೀ ಸಿಟಿಯಲ್ಲಿ, ಅಟ್ಲಾಂಟಾದಿಂದ ಸ್ವಲ್ಪ ದಕ್ಷಿಣಕ್ಕೆ. ಈ ಊರಲ್ಲಿ ಕಾರ್ಟ್ ಓಡಾಡುವಂಥ ಕಾಲುದಾರಿಗಳೇ ಸುಮಾರು 160 ಕಿಲೋಮೀಟರ್ ಇವೆ. ತರಕಾರಿ ತರಲು ಕಾರ್ಟ್, ಹೈಸ್ಕೂಲ್ ಮಕ್ಕಳು ಶಾಲೆಗೆ ಹೋಗಲೂ ಕಾರ್ಟ್. ಇ-ಝಡ್-ಗೋ ಕಂಪನಿ 1954ರಲ್ಲಿ ಹುಟ್ಟಿದ್ದು ಇದೇ ರಾಜ್ಯದ ಅಗಸ್ಟಾದಲ್ಲಿ. ಇನ್ನೊಂದು ಕಾರ್ಟ್ ಕಂಪನಿ ಕ್ಲಬ್ ಕಾರ್‌ನ ನೆಲೆಯೂ ಅಲ್ಲೇ. ಯಮಹಾ ಕಾರ್ಟ್ ತಯಾರಾಗುವುದು ನಮ್ಮ ಪಕ್ಕದ ನ್ಯೂನನ್‌ನಲ್ಲಿ. ಹಾಗಾಗಿ ಇಲ್ಲಿ ಹಳೆ ಗಾಡಿಗಳೂ ಜಾಸ್ತಿ, ಬಿಡಿಭಾಗಗಳೂ ಸುಲಭ. ಊರಿನ ಕಡೆಯವರಿಗೆ ಗೊತ್ತಾಗುವ ಹಾಗೆ ಹೇಳಬೇಕೆಂದರೆ, ಹಂಪಿಯಲ್ಲಿ ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ಯುವ ಬ್ಯಾಟರಿ ಗಾಡಿ ಇದೆಯಲ್ಲ, ಅದೇ ಜಾತಿಯದು, ಗಾತ್ರದಲ್ಲಿ ಚಿಕ್ಕದು.

ಮೊದಲೇ ಎಲೆಕ್ಟ್ರಿಕ್ ಆಗಿ ಬಂದ ಗಾಡಿಯಾದರೆ ಕಂಪನಿಯ ಮ್ಯಾನ್ಯುಯಲ್ ತೆರೆದರೆ ಮುಗಿಯಿತು. ಪೆಟ್ರೋಲ್ ಗಾಡಿಯಾಗಿ ಹುಟ್ಟಿ ಆಮೇಲೆ ಯಾರದೋ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಆದ ಗಾಡಿಗೆ ಯಾವ ಮ್ಯಾನ್ಯುಯಲ್ಲೂ ಪೂರ್ತಿ ಹೊಂದುವುದಿಲ್ಲ. ಹಿಂದಿನವರು ಏನು ಮಾಡಿದ್ದಾರೆ ಅಂತ ಗಾಡಿಯನ್ನೇ ನೋಡಿ ತಿಳಿದುಕೊಳ್ಳಬೇಕು. ಅದು ತಿಳಿಯುವ ತನಕ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ. ಒಂದು ನೋಟ್‌ಬುಕ್, ಒಂದು ಮಲ್ಟಿಮೀಟರ್, ಫೋನಿನ ಕ್ಯಾಮೆರಾ ಇಷ್ಟಿದ್ದರೆ ಶುರು ಮಾಡಬಹುದು.

ಮೊದಲು ಪೆಟ್ರೋಲಿನ ಪಳೆಯುಳಿಕೆ ತೆಗೆಯಿರಿ

ವೈರಿಗೆ ಕೈ ಹಾಕುವ ಮುಂಚೆ ಈ ಕೆಲಸ. ಗಾಡಿಯನ್ನು ಬಯಲಿಗೆ ತನ್ನಿ. ಟ್ಯಾಂಕ್, ಪೆಟ್ರೋಲ್ ಪೈಪ್, ಪಂಪ್, ಸೈಲೆನ್ಸರ್ ಬ್ರಾಕೆಟ್, ಹಳೆ ಸ್ಟಾರ್ಟರ್-ಜನರೇಟರ್‌ನ ದಪ್ಪ ವೈರ್ ಎಲ್ಲವನ್ನೂ ಬಿಚ್ಚಿ ಹೊರಗಿಡಿ. ಎಲ್ಲಿಗೂ ಸೇರದೆ ನೇತಾಡುವ ಹಳೆ ವೈರ್ ಒಂದು ದಿನ ಬ್ಯಾಟರಿ ತಲೆಗೆ ತಾಗಿ ಶಾರ್ಟ್ ಆಗುತ್ತದೆ. ಉಳಿದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ಖಾಲಿ ಟ್ಯಾಂಕನ್ನು ಕತ್ತರಿಸುವುದಾಗಲಿ ವೆಲ್ಡ್ ಮಾಡುವುದಾಗಲಿ ಬೇಡವೇ ಬೇಡ. ಒಳಗಿರುವ ಆವಿಯೇ ಸಾಕು ಸಿಡಿಯಲು.

ಗಾಡಿಯ ಜಾತಕ

ಸೀರಿಯಲ್ ನಂಬರ್ ಹುಡುಕಿ. ನನ್ನದು ಕ್ಲಬ್ ಕಾರ್ ಕಂಪನಿಯ ಡಿಎಸ್ ಅನ್ನುವ ಮಾಡೆಲ್. ನಂಬರ್ ಶುರುವಾಗುವುದು ಎಜಿ ಅಕ್ಷರಗಳಿಂದ, ಆಮೇಲೆ 95. ಎಜಿ ಅಂದರೆ ಪೆಟ್ರೋಲ್ ಗಾಡಿ. ಎಲೆಕ್ಟ್ರಿಕ್ ಡಿಎಸ್ ಆಗಿದ್ದರೆ ಬರೀ ಎ ಇರುತ್ತಿತ್ತು. 95 ಅಂದರೆ 1995ನೇ ಮಾಡೆಲ್. ಇದು ಯಾಕೆ ಮುಖ್ಯ ಗೊತ್ತಾ? ಅಂಗಡಿಯವರು ಈ ನಂಬರ್ ನೋಡಿ ಪೆಟ್ರೋಲ್ ಗಾಡಿಯ ಭಾಗವನ್ನೇ ಕೊಡುತ್ತಾರೆ. ಬಾಡಿ, ಸ್ಟೀರಿಂಗ್, ಮುಂದಿನ ಚಕ್ರದ ಸಾಮಾನಿಗೆ ಈ ನಂಬರ್ ಸರಿ. ಮೋಟರ್, ಹಿಂದಿನ ಆಕ್ಸಲ್‌ಗೆ ಮಾತ್ರ ಅವು ಬಂದ ಗಾಡಿಯ ಮಾಡೆಲ್ ತಿಳಿಯಬೇಕು.

ಈಗ ಹಿಂದಿನ ಆಕ್ಸಲ್ ನೋಡಿ. ಪೆಟ್ರೋಲ್ ಗಾಡಿಯನ್ನು ಬದಲಾಯಿಸುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಗುಜರಿಯ ಎಲೆಕ್ಟ್ರಿಕ್ ಕಾರ್ಟ್‌ನಿಂದ ಆಕ್ಸಲ್ ಮತ್ತು ಮೋಟರ್ ಒಟ್ಟಿಗೆ ತಂದು ಕೂರಿಸುವುದು ಒಂದು. ಪೆಟ್ರೋಲ್ ಗೇರ್‌ಬಾಕ್ಸ್ ಅಲ್ಲೇ ಬಿಟ್ಟು ಬೆಲ್ಟ್ ಅಥವಾ ಚೈನ್ ಮೂಲಕ ಅದಕ್ಕೆ ಮೋಟರ್ ಜೋಡಿಸುವುದು ಇನ್ನೊಂದು. ಮೊದಲನೆಯದು ಗಟ್ಟಿ ಕೆಲಸ. ಅದರಲ್ಲಿ ಮೋಟರ್ ನೇರವಾಗಿ ಆಕ್ಸಲ್‌ಗೆ ಬೋಲ್ಟ್ ಆಗಿರುತ್ತದೆ, ರಿವರ್ಸ್ ಆಗುವುದು ಕರೆಂಟಿನಿಂದ. ಎರಡನೆಯದರಲ್ಲಿ ರಿವರ್ಸ್‌ಗೆ ಗೇರ್ ಇದೆ, ಗಾಡಿ ಪೂರ್ತಿ ನಿಂತ ಮೇಲೇ ಲಿವರ್ ಹಾಕಬೇಕು. ಚೈನ್ ಹಾಕಿದ ಗಾಡಿಯಲ್ಲಿ ಮೋಟರ್ ಮತ್ತು ಗೇರ್‌ಬಾಕ್ಸ್ ನೇರ ಸಾಲಿನಲ್ಲಿ ಇಲ್ಲದಿದ್ದರೆ ಬೇರಿಂಗ್ ಬೇಗ ಹೋಗುತ್ತದೆ.

ಮೋಟರ್ ಮೇಲಿನ ನಾಲ್ಕು ಬೋಲ್ಟ್‌ಗಳ ಹೆಸರು ಓದಿ. ಎ1, ಎ2, ಎಸ್1, ಎಸ್2 ಅಂತಿದ್ದು ನಾಲ್ಕಕ್ಕೂ ದಪ್ಪ ಕೇಬಲ್ ಇದ್ದರೆ ಅದು ಸೀರೀಸ್ ಮೋಟರ್. ಎಸ್ ಬದಲು ಎಫ್1, ಎಫ್2 ಇದ್ದು ಅವಕ್ಕೆ ಸಣ್ಣ ವೈರ್ ಹೋಗಿದ್ದರೆ ಅದು ಶಂಟ್ ಬಗೆಯದು. ಪೆಡಲ್ ಒತ್ತಿದ್ದಕ್ಕೆ ತಕ್ಕಷ್ಟು ಕರೆಂಟನ್ನು ಮೋಟರಿಗೆ ಕೊಡುವ ಡಬ್ಬಿ, ಅಂದರೆ ಕಂಟ್ರೋಲರ್, ಎರಡಕ್ಕೂ ಬೇರೆ ಬೇರೆ. ಒಂದರದು ಇನ್ನೊಂದಕ್ಕೆ ಆಗುವುದೇ ಇಲ್ಲ.

ಇದೆಲ್ಲ ಬರೆದುಕೊಂಡ ಮೇಲೆ ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ ಫೋಟೋ ತೆಗೆಯಿರಿ. ನಕ್ಷೆ ಬಿಡಿಸಿ. ನನಗೆ ಈ ಕೆಲಸಕ್ಕೆ ಒಂದಿಡೀ ಶನಿವಾರ ಹೋಯಿತು. ಆಮೇಲಿನ ಎಲ್ಲ ಕೆಲಸಕ್ಕೂ ಅದೇ ಆಧಾರವಾಯಿತು.

ಸುರಕ್ಷತೆಯ ನಾಲ್ಕು ಮಾತು

ಉಂಗುರ, ವಾಚ್, ಕೈಯ ಬಳೆ ಬಿಚ್ಚಿಡಿ. ಕಣ್ಣಿಗೆ ಸುರಕ್ಷತಾ ಕನ್ನಡಕ ಹಾಕಿ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ನಾನು ಸುತ್ತದೆ ಇದ್ದ ಒಂದು ಸ್ಪ್ಯಾನರ್ ಎರಡು ಟರ್ಮಿನಲ್ ಮಧ್ಯೆ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಪ್ಯಾನರ್‌ನ ಅಂಚು ಇಲಿ ಕಚ್ಚಿದ ಹಾಗೆ ಕರಗಿಹೋಗಿತ್ತು. ಬೆರಳು ಅಲ್ಲಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಕೆಲಸಕ್ಕೆ ಮುಂಚೆ ಪ್ಯಾಕಿನ, ಅಂದರೆ ಒಟ್ಟು ಬ್ಯಾಟರಿ ಸಾಲಿನ, ಮುಖ್ಯ ನೆಗೆಟಿವ್ ಕೇಬಲ್ ಬಿಚ್ಚಿ. ಬಿಚ್ಚಿದ ಮೇಲೂ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಕಂಟ್ರೋಲರ್‌ನ ಬಿ ಪ್ಲಸ್, ಬಿ ಮೈನಸ್ ನಡುವೆ ಒಂದು ಬಲ್ಬನ್ನೋ ರೆಸಿಸ್ಟರನ್ನೋ ಕೆಲವು ಕ್ಷಣ ಹಿಡಿದು ಅದನ್ನು ಇಳಿಸಿ. ಇನ್ನೊಂದು ಮಾತು. ಸೀರೀಸ್ ಮೋಟರನ್ನು ಆಕ್ಸಲ್‌ನಿಂದ ಬಿಚ್ಚಿ ನೆಲದ ಮೇಲಿಟ್ಟು ಪೂರ್ತಿ 36 ಅಥವಾ 48 ವೋಲ್ಟ್ ಕೊಡಬೇಡಿ. ಹೊರೆ ಇಲ್ಲದಿದ್ದರೆ ಅದರ ವೇಗ ಏರುತ್ತಲೇ ಹೋಗಿ ಒಳಗಿನ ಸುರುಳಿ ಕಿತ್ತು ಬರಬಹುದು. ಪರೀಕ್ಷೆಗೆ ಒಂದು 12 ವೋಲ್ಟ್ ಬ್ಯಾಟರಿ ಸಾಕು, ಅದೂ ಮೋಟರನ್ನು ಗಟ್ಟಿಯಾಗಿ ಬಿಗಿದಿಟ್ಟು.

ಬ್ಯಾಟರಿ: ಒಟ್ಟು ಲೆಕ್ಕ ನಂಬಬೇಡಿ

ಹೊಸ ಬ್ಯಾಟರಿ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಅಳೆಯಿರಿ. ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಸುಮ್ನೆ ಬಿಟ್ಟು, ಬೆಳಗ್ಗೆ ಒಂದೊಂದನ್ನೇ ಅಳೆಯಿರಿ. 6 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ ಚೆನ್ನಾಗಿದ್ದರೆ 6.37 ವೋಲ್ಟ್ ಹತ್ತಿರ ತೋರಿಸಬೇಕು. ಆರು ಸೇರಿದರೆ 38.2. ನನ್ನ ನೋಟ್‌ಬುಕ್ಕಿನಲ್ಲಿ ಅವತ್ತು ಬರೆದದ್ದು ಹೀಗಿದೆ: 6.31, 6.30, 6.28, 6.30, 5.92, 5.90. ಒಟ್ಟು 37. ಬರೀ ಒಟ್ಟು ನೋಡಿದ್ದರೆ ಪರವಾಗಿಲ್ಲ, ಸ್ವಲ್ಪ ಚಾರ್ಜ್ ಕಡಿಮೆ ಅಂದುಕೊಳ್ಳುತ್ತಿದ್ದೆ. ಒಂದೊಂದನ್ನೇ ನೋಡಿದಾಗ ನಿಜ ಗೊತ್ತಾಯಿತು. ಕೊನೆಯ ಎರಡು ಅರ್ಧಕ್ಕಿಂತ ಕೆಳಗೆ ಇಳಿದಿದ್ದವು.

ಕಾರಣ ಹುಡುಕಲು ಅರ್ಧ ಗಂಟೆ ಬೇಕಾಯಿತು. ಆ ಎರಡು ಬ್ಯಾಟರಿಯಿಂದ ಒಂದು ತೆಳ್ಳಗಿನ ಕೆಂಪು ವೈರ್ ಹೊರಟು ಮುಂದಿನ ಹೆಡ್‌ಲೈಟಿಗೆ ಹೋಗಿತ್ತು. ಎರಡು ಆರು ಸೇರಿದರೆ ಹನ್ನೆರಡು ಅಲ್ವಾ, ಅಂತ ಹಿಂದಿನವರು ಸುಲಭ ದಾರಿ ಹಿಡಿದಿದ್ದರು. ಲೈಟ್ ಉರಿದಷ್ಟೂ ಆ ಎರಡೇ ಖಾಲಿಯಾಗುತ್ತವೆ. ಚಾರ್ಜರ್ ಮಾತ್ರ ಆರಕ್ಕೂ ಒಂದೇ ಲೆಕ್ಕದಲ್ಲಿ ಕರೆಂಟ್ ಕೊಡುತ್ತದೆ. ನಾಲ್ಕು ಉಕ್ಕುತ್ತವೆ, ಎರಡು ಹಸಿದೇ ಇರುತ್ತವೆ. ಹೀಗೆ ಬದಲಾಯಿಸಿದ ಗಾಡಿಗಳಲ್ಲಿ ಈ ತಪ್ಪು ತುಂಬಾ ಸಿಗುತ್ತದೆ. ಇದಕ್ಕೆ ಮದ್ದು ವೋಲ್ಟೇಜ್ ರೆಡ್ಯೂಸರ್. ಇಡೀ ಪ್ಯಾಕಿನಿಂದ ಕರೆಂಟ್ ತೆಗೆದುಕೊಂಡು 12 ವೋಲ್ಟ್ ಕೊಡುವ ಚಿಕ್ಕ ಡಬ್ಬಿ ಅದು. ಒಳಗಿನ ಎರಡು ಬದಿ ಪ್ರತ್ಯೇಕವಾಗಿರುವ, ಅಂದರೆ ಐಸೊಲೇಟೆಡ್ ಬಗೆಯದನ್ನೇ ಕೊಳ್ಳಿ. ಕಾರಿನ ಹಾಗೆ ಇಲ್ಲಿ ಬ್ಯಾಟರಿ ನೆಗೆಟಿವನ್ನು ಚಾಸಿಗೆ ಸೇರಿಸುವುದಿಲ್ಲ, ಇದು ನೆನಪಿರಲಿ.

ನೀರಿನ ವಿಷಯ ಮನೆಯಲ್ಲಿ ಯುಪಿಎಸ್ ಇಟ್ಟವರಿಗೆ ಹೇಳಬೇಕಿಲ್ಲ. ಡಿಸ್ಟಿಲ್ಡ್ ವಾಟರ್ ಮಾತ್ರ. ಪ್ಲೇಟ್ ಒಣಗಿ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಹಾಕಿ ಚಾರ್ಜ್ ಮಾಡಿ, ಉಳಿದದ್ದು ಚಾರ್ಜ್ ಆದ ಮೇಲೆ.

ಚಾಸಿ, ಸ್ಪ್ರಿಂಗ್, ಬ್ರೇಕ್

ಲೆಕ್ಕ ಹಾಕಿ ನೋಡಿ. ಟ್ರೋಜನ್ ಟಿ-105 ಥರದ ಬ್ಯಾಟರಿ ಒಂದಕ್ಕೆ ಸುಮಾರು 28 ಕೆಜಿ. ಆರಕ್ಕೆ 168 ಕೆಜಿ. ಪೆಟ್ರೋಲ್ ಗಾಡಿಯ ಹಿಂದಿನ ಸ್ಪ್ರಿಂಗ್ ಈ ಭಾರಕ್ಕೆಂದು ಮಾಡಿದ್ದಲ್ಲ. ಗಾಡಿ ಹಿಂದಕ್ಕೆ ವಾಲಿ ನಿಂತಿದ್ದರೆ, ಇಬ್ಬರು ಕೂತಾಗ ಟೈರ್ ಬಾಡಿಗೆ ತಾಗುತ್ತಿದ್ದರೆ ಹೆವಿ ಡ್ಯೂಟಿ ಲೀಫ್ ಸ್ಪ್ರಿಂಗ್ ಹಾಕಿಸಲೇಬೇಕು.

ಬ್ಯಾಟರಿ ಕೂರುವ ತಟ್ಟೆಯನ್ನು ಬ್ಯಾಟರಿ ಇಳಿಸಿಯೇ ನೋಡಬೇಕು. ಕ್ಲಬ್ ಕಾರ್‌ನ ಫ್ರೇಮ್ ಅಲ್ಯೂಮಿನಿಯಂ. ನನ್ನ ಗಾಡಿಯಲ್ಲಿ ಅದಕ್ಕೆ ಕಬ್ಬಿಣದ ಆಂಗಲ್‌ಗಳನ್ನು ನೇರವಾಗಿ ಬೋಲ್ಟ್ ಮಾಡಿದ್ದರು. ಎರಡು ಬೇರೆ ಲೋಹ ಸೇರಿ ಮಧ್ಯೆ ಆಸಿಡ್ ತೇವ ಬಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಎದ್ದಿತ್ತು. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರುತ್ತಿತ್ತು. ನಾಲ್ಕು ಲೀಟರ್ ನೀರಿಗೆ ಒಂದು ಕಪ್ ಅಡುಗೆ ಸೋಡಾ ಕಲಸಿ ತಿಕ್ಕಿ ತೊಳೆಯಿರಿ. ನೊರೆ ಬರುವುದು ನಿಂತರೆ ಆಸಿಡ್ ಹೋಯಿತು ಅಂತ. ಬ್ಯಾಟರಿ ಗಾಡಿಯಲ್ಲೇ ಇದ್ದರೆ ಮುಚ್ಚಳ ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಹೋಗಬಾರದು. ಆಮೇಲೆ ಒಣಗಿಸಿ, ಪ್ರೈಮರ್ ಹಚ್ಚಿ, ಎರಡು ಲೋಹದ ನಡುವೆ ದಪ್ಪ ರಬ್ಬರ್ ಹಾಳೆ ಇಟ್ಟು ಸ್ಟೇನ್‌ಲೆಸ್ ಬೋಲ್ಟ್‌ನಿಂದ ಬಿಗಿಯಿರಿ.

ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಅದೂ ಕೇಬಲ್ ಎಳೆಯುವ ಡ್ರಮ್ ಬ್ರೇಕ್. ಪೆಟ್ರೋಲ್ ಗಾಡಿ ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತದಿಂದ ಸ್ವಲ್ಪ ತಡೆಯುತ್ತಿತ್ತು. ಸೀರೀಸ್ ಮೋಟರ್ ಹಾಕಿದ ಮೇಲೆ ಆ ತಡೆ ಇಲ್ಲ, ಗಾಡಿ ಸುಮ್ನೆ ಉರುಳುತ್ತದೆ. ಮೇಲೆ ಬ್ಯಾಟರಿಯ ಭಾರ ಬೇರೆ. ಹಾಗಾಗಿ ಡ್ರಮ್ ಬಿಚ್ಚಿ, ಶೂ ಸವೆದಿದ್ದರೆ ಬದಲಿಸಿ, ಎರಡೂ ಕೇಬಲ್ ಹೊಸದು ಹಾಕಿ. ಈ ಖರ್ಚಿನಲ್ಲಿ ಚೌಕಾಶಿ ಬೇಡ. ಟೈ ರಾಡ್, ಕಿಂಗ್‌ಪಿನ್‌ಗೆ ಗ್ರೀಸ್, ಆಕ್ಸಲ್‌ನಲ್ಲಿ ಎಣ್ಣೆ ಮಟ್ಟ, ಟೈರ್ ಗಾಳಿ ಇವೆಲ್ಲ ಅದೇ ದಿನ ಮುಗಿಯುವ ಕೆಲಸ.

ಕೇಬಲ್ ಮತ್ತು ಸೊಲೆನಾಯ್ಡ್

ಗಾಡಿ ಏರಿನಲ್ಲಿ ಏದುಸಿರು ಬಿಡುತ್ತಿದ್ದರೆ ಬ್ಯಾಟರಿಯನ್ನೋ ಮೋಟರನ್ನೋ ಬೈಯುವ ಮುಂಚೆ ಕೇಬಲ್ ನೋಡಿ. ಏರಿನಲ್ಲಿ 200 ಆಂಪಿಯರ್ ಹರಿಯುತ್ತಿರುವಾಗ ಒಂದು ಸಡಿಲ ಜೋಡಣೆಯಲ್ಲಿ ಅರ್ಧ ವೋಲ್ಟ್ ಕಳೆದರೂ 100 ವಾಟ್ ಶಾಖವಾಗಿ ಹೋಯಿತು. ಒಂದು ಟರ್ಮಿನಲ್ ಮೇಲೆ ಹಳೆ ಕಾಲದ 100 ವಾಟ್ ಬಲ್ಬ್ ಉರಿದ ಹಾಗೆ. ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ? ಹಳೆ ಗಾಡಿಗಳಲ್ಲಿ 6 ಗೇಜ್ ಕೇಬಲ್ ಇರುತ್ತದೆ, ಅಂದರೆ 13 ಚದರ ಮಿಲಿಮೀಟರ್. ಅದನ್ನು ತೆಗೆದು 2 ಗೇಜ್ ವೆಲ್ಡಿಂಗ್ ಕೇಬಲ್ ಹಾಕಿ, ಅದು ಸುಮಾರು 33 ಚದರ ಮಿಲಿಮೀಟರ್. ಕೇಬಲ್ ತುದಿಗೆ ಹಾಕುವ ಲಗ್, ಅಂದರೆ ಬೋಲ್ಟಿಗೆ ಕೂರುವ ಬಳೆ, ತಾಮ್ರದ್ದಿರಲಿ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಲಗ್ಗನ್ನು ಅದುಮಿ ಬಿಗಿಯುವ ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗೆ ತನ್ನಿ. ಮೇಲೆ ಬಿಸಿಗೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಕೊಳವೆ. ನನ್ನ ಗಾಡಿಯಲ್ಲಿ ಕೇಬಲ್ ಒಂದನ್ನೇ ಬದಲಿಸಿದ ದಿನ, ಹಳೆ ಬ್ಯಾಟರಿಯಲ್ಲೇ, ಮನೆ ಮುಂದಿನ ಏರನ್ನು ಗಾಡಿ ಆರಾಮಾಗಿ ಹತ್ತಿತು.

ಪ್ಯಾಕಿನ ಪಾಸಿಟಿವ್ ಬಳಿ ಒಂದು ಮುಖ್ಯ ಫ್ಯೂಸ್ ಹಾಕಿ. ಹಳೆ ಕಾರ್ಟ್‌ಗಳಲ್ಲಿ ಹೆಚ್ಚಾಗಿ ಅದು ಇರುವುದೇ ಇಲ್ಲ. ಮುಂದೆ ಲಿಥಿಯಂ ಹಾಕುವ ಯೋಚನೆ ಇದ್ದರೆ ಈಗಲೇ ಕ್ಲಾಸ್ ಟಿ ಫ್ಯೂಸ್ ಕೊಳ್ಳಿ, ಲಿಥಿಯಂ ಶಾರ್ಟ್ ಆದಾಗ ಹರಿಯುವ ಭಾರಿ ಕರೆಂಟನ್ನು ಕಡಿಯುವ ತಾಕತ್ತು ಅದಕ್ಕಿದೆ.

ಸೊಲೆನಾಯ್ಡ್ ಅಂದರೆ ಪೆಡಲ್ ಒತ್ತಿದಾಗ ಟಕ್ ಅನ್ನುವ ದೊಡ್ಡ ಸ್ವಿಚ್. ಅದರ ಎರಡು ದಪ್ಪ ಬೋಲ್ಟ್‌ಗಳ ನಡುವೆ ಒಂದು ರೆಸಿಸ್ಟರ್ ಇರಬೇಕು. 48 ವೋಲ್ಟಿಗೆ ಸಾಮಾನ್ಯವಾಗಿ 470 ಓಮ್, 10 ವಾಟ್. ಇದು ಕಂಟ್ರೋಲರ್‌ನ ಕೆಪಾಸಿಟರನ್ನು ನಿಧಾನಕ್ಕೆ ತುಂಬಿಸಿಡುತ್ತದೆ. ಇಲ್ಲದಿದ್ದರೆ ಪ್ರತಿ ಟಕ್‌ಗೂ ಒಂದು ದೊಡ್ಡ ಕಿಡಿ, ಕೊನೆಗೆ ಒಂದು ದಿನ ಸ್ವಿಚ್ ಅಂಟಿಕೊಂಡು ಬಿಡುತ್ತದೆ. ಸಣ್ಣ ಟರ್ಮಿನಲ್‌ಗಳ ನಡುವೆ ಒಂದು ಡಯೋಡ್, ಅದರ ಪಟ್ಟಿ ಇರುವ ತುದಿ ಪಾಸಿಟಿವ್ ಕಡೆಗೆ. ನನ್ನ ಗಾಡಿಯಲ್ಲಿ ಎರಡೂ ಇರಲಿಲ್ಲ. ಅದು ನೋಡದೆ ಹೊಸ ಸೊಲೆನಾಯ್ಡ್ ಹಾಕಿದೆ. ಎರಡು ತಿಂಗಳಲ್ಲಿ ಅದೂ ಹೋಯಿತು.

ಪೆಡಲ್

ಪೆಟ್ರೋಲ್ ಗಾಡಿಯ ಪೆಡಲ್ ಎಳೆಯುತ್ತಿದ್ದದ್ದು ಒಂದು ಥ್ರಾಟಲ್ ಕೇಬಲ್ಲನ್ನು. ಬದಲಾಯಿಸಿದವರು ಹಲವು ಸಲ ಅದೇ ಕೇಬಲ್ಲನ್ನು ಪಾಟ್ ಬಾಕ್ಸ್ ಅನ್ನುವ ರೆಸಿಸ್ಟರ್ ಡಬ್ಬಿಯ ಕೈಗೆ ಕಟ್ಟಿರುತ್ತಾರೆ. ಕೇಬಲ್ ಸಡಿಲವಾದರೆ ಪೆಡಲ್ ಪೂರ್ತಿ ಒತ್ತಿದರೂ ಕೈ ಪೂರ್ತಿ ತಿರುಗುವುದಿಲ್ಲ. ಗಾಡಿಗೆ ವೇಗ ಇಲ್ಲ ಅಂತ ಜನ ಹೊಸ ಕಂಟ್ರೋಲರ್ ಕೊಳ್ಳುತ್ತಾರೆ! ಮುಖ್ಯ ನೆಗೆಟಿವ್ ಬಿಚ್ಚಿ, ಪಾಟ್ ಬಾಕ್ಸ್‌ನ ವೈರ್ ಕಳಚಿ ಓಮ್ ಅಳೆಯಿರಿ. 0-5ಕೆ ಬಗೆಯದಾದರೆ ಪೆಡಲ್ ಬಿಟ್ಟಾಗ ಸೊನ್ನೆ ಹತ್ತಿರ, ಪೂರ್ತಿ ಒತ್ತಿದಾಗ 5000 ಓಮ್ ಹತ್ತಿರ ಬರಬೇಕು. 5ಕೆ-0 ಬಗೆಯದಕ್ಕೆ ಇದರ ಉಲ್ಟಾ. ನಿಮ್ಮ ಕಂಟ್ರೋಲರ್‌ಗೆ ಯಾವುದು ಬೇಕು ಅಂತ ಅದರ ಮಾಡೆಲ್ ನಂಬರಿನಿಂದ ನೋಡಿಕೊಳ್ಳಿ. ನನ್ನದು 3500ಕ್ಕೇ ನಿಲ್ಲುತ್ತಿತ್ತು. ಕೇಬಲ್ಲಿನ ನಟ್ ಎರಡು ಸುತ್ತು ತಿರುಗಿಸಿದೆ, ಪೂರ್ತಿ ವೇಗ ಬಂತು. ಖರ್ಚು ಏನೂ ಇಲ್ಲ.

ಈಗ ಲಿಥಿಯಂ

ಇಷ್ಟಾದ ಮೇಲೆ ಬ್ಯಾಟರಿಗೆ ದುಡ್ಡು ಹಾಕಬಹುದು. ನಾನು 36 ವೋಲ್ಟಿನ ಆರು ಲೆಡ್ ಬ್ಯಾಟರಿ ತೆಗೆದು 51.2 ವೋಲ್ಟ್, 105 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಹಾಕಿದೆ. ಒಳಗೆ 16 ಸೆಲ್. ಇದನ್ನೇ 48 ವೋಲ್ಟ್ ಪ್ಯಾಕ್ ಅನ್ನುತ್ತಾರೆ. 168 ಕೆಜಿ ಇಳಿದು 45 ಕೆಜಿಯ ಆಸುಪಾಸಿಗೆ ಬಂತು. ಪೆಟ್ರೋಲ್ ಗಾಡಿಯ ಫ್ರೇಮಿಗೆ ಇದು ದೊಡ್ಡ ಉಪಕಾರ. ಶಕ್ತಿ ಸುಮಾರು 5.4 ಯೂನಿಟ್. ಲೆಡ್ ಪ್ಯಾಕಿನ ಮೇಲೆ ಬರೆದದ್ದು 8 ಯೂನಿಟ್ ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಹಾಗಾಗಿ ದಿನನಿತ್ಯ ಕೈಗೆ ಸಿಗುವುದು ಲಿಥಿಯಂನಲ್ಲೇ ಜಾಸ್ತಿ.

36ರಿಂದ 48ಕ್ಕೆ ಹೋಗುವಾಗ ಬರೀ ಪ್ಯಾಕ್ ಬದಲಿಸಿದರೆ ಸಾಲದು. ಸೊಲೆನಾಯ್ಡ್ 48 ವೋಲ್ಟ್ ಕಾಯಿಲ್‌ನದು ಬೇಕು. ಪೂರ್ತಿ ಚಾರ್ಜ್ ಆಗುವಾಗ ಪ್ಯಾಕ್ 58.4 ವೋಲ್ಟ್‌ವರೆಗೂ ಏರುತ್ತದೆ. ಕಂಟ್ರೋಲರ್ ಮತ್ತು ರೆಡ್ಯೂಸರ್ ಎರಡೂ ಅದನ್ನು ತಡೆಯುತ್ತವೆಯೇ ಅಂತ ಮಿತಿ ಓದಿ ಖಾತ್ರಿ ಮಾಡಿಕೊಳ್ಳಿ. ಹಳೆ ಲೆಡ್ ಚಾರ್ಜರನ್ನು ಇದಕ್ಕೆ ಚುಚ್ಚಲೇಬೇಡಿ, ಲಿಥಿಯಂ ಚಾರ್ಜರೇ ಬೇಕು. ಪ್ಯಾಕಿನ ಒಳಗಿನ ಬಿಎಂಎಸ್, ಅಂದರೆ ಸೆಲ್ ಕಾಯುವ ಸರ್ಕ್ಯೂಟ್, ಎಷ್ಟು ಆಂಪಿಯರ್ ಕೊಡುತ್ತದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಕಂಟ್ರೋಲರ್ 300 ಎಳೆಯುವಂಥದ್ದಾಗಿ ಬಿಎಂಎಸ್ 100ಕ್ಕೇ ಕಡಿದರೆ ಗಾಡಿ ಏರಿನ ಮಧ್ಯದಲ್ಲಿ ನಿಂತು ಹಿಂದಕ್ಕೆ ಜಾರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು. ನಮ್ಮ ಜಾರ್ಜಿಯಾದಲ್ಲಿ ಜನವರಿಯ ಕೆಲವು ರಾತ್ರಿ ಮಾತ್ರ ಈ ತೊಂದರೆ, ಉತ್ತರದ ರಾಜ್ಯಗಳಲ್ಲಿ ಇರುವವರು ಹೀಟರ್ ಇರುವ ಪ್ಯಾಕ್ ನೋಡಿ.

ಹಗುರ ಪ್ಯಾಕ್ ಅಂತ ಸುಮ್ನೆ ಇಟ್ಟುಬಿಡಬೇಡಿ. ಆರು ಬ್ಯಾಟರಿ ಇದ್ದ ಜಾಗದಲ್ಲಿ ಒಂದೇ ಡಬ್ಬಿ ಅಲ್ಲಾಡುತ್ತದೆ. ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ.

ಇನ್ನು ವೇಗ. ವೋಲ್ಟೇಜ್ 36ರಿಂದ 48ಕ್ಕೆ ಏರಿದರೆ ಅದೇ ಮೋಟರ್ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಜಾಸ್ತಿ ಓಡುತ್ತದೆ, 19 ಇದ್ದದ್ದು 25 ಕಿಲೋಮೀಟರ್ ಆಗುತ್ತದೆ. ನನಗೆ ಅಷ್ಟು ಸಾಕು. ಅಮೆರಿಕದ ಕೇಂದ್ರ ನಿಯಮದಲ್ಲಿ, 1998ರಿಂದ, ಗಂಟೆಗೆ 20 ಮೈಲಿ ಮೀರಿ 25 ಮೈಲಿಯೊಳಗೆ, ಅಂದರೆ ಸುಮಾರು 32ರಿಂದ 40 ಕಿಲೋಮೀಟರ್ ವೇಗದಲ್ಲಿ, ಓಡುವ ಇಂಥ ಗಾಡಿಯನ್ನು ಲೋ ಸ್ಪೀಡ್ ವೆಹಿಕಲ್ ಅಂತ ಲೆಕ್ಕ ಹಿಡಿಯುತ್ತಾರೆ. ಆಗ ಸೀಟ್ ಬೆಲ್ಟ್, ಇಂಡಿಕೇಟರ್, ಕನ್ನಡಿ ಎಲ್ಲ ಬೇಕು. ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಇರುವ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿ 40 ಕಿಲೋಮೀಟರ್ ವೇಗ ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಿಮ್ಮ ಊರು ಗುಡ್ಡಗಾಡಾದರೆ ವೇಗಕ್ಕೆ ಬದಲು ಎಸಿ ಮೋಟರ್ ಕಿಟ್‌ಗೆ ದುಡ್ಡು ಉಳಿಸಿ. ಇಳಿಜಾರಿನಲ್ಲಿ ಮೋಟರೇ ತಡೆಯುತ್ತದೆ, ಸ್ವಲ್ಪ ಕರೆಂಟನ್ನೂ ಬ್ಯಾಟರಿಗೆ ವಾಪಸ್ ಕೊಡುತ್ತದೆ.

ಮೊದಲ ಓಟ

ಹಿಂದಿನ ಚಕ್ರ ಎರಡನ್ನೂ ಮೇಲೆತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಬೇಡಿ. ಪೆಡಲನ್ನು ಮೆಲ್ಲಗೆ, ಸ್ವಲ್ಪವೇ ಒತ್ತಿ. ಚಕ್ರ ಉಲ್ಟಾ ತಿರುಗಿದರೆ ಪ್ಯಾಕಿನ ನೆಗೆಟಿವ್ ಬಿಚ್ಚಿ, ಸೀರೀಸ್ ಮೋಟರ್‌ನ ಎಸ್1, ಎಸ್2 ಎರಡನ್ನು ಮಾತ್ರ ಅದಲು ಬದಲು ಮಾಡಿ. ಮುಂದೆ, ಹಿಂದೆ, ಬ್ರೇಕ್ ಮೂರೂ ಸರಿ ಬಂದ ಮೇಲೆ ಕೆಳಗಿಳಿಸಿ ಸಮತಟ್ಟಾದ ಕಡೆ ಹತ್ತು ನಿಮಿಷ ಓಡಿಸಿ. ನಿಲ್ಲಿಸಿದ ಕೂಡಲೇ ಇನ್ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಪ್ರತಿ ಲಗ್, ಸೊಲೆನಾಯ್ಡ್, ಕಂಟ್ರೋಲರ್, ಮೋಟರ್ ನೋಡಿ. ಎಲ್ಲದಕ್ಕಿಂತ ಒಂದು ಲಗ್ ಮಾತ್ರ ಬಿಸಿ ಇದ್ದರೆ ಅಲ್ಲೇ ಕ್ರಿಂಪ್ ಸರಿಯಿಲ್ಲ. ಹದಿನೈದು ಕಿಲೋಮೀಟರ್ ಓಡಿದ ಮೇಲೆ ನೆಗೆಟಿವ್ ಬಿಚ್ಚಿ ಎಲ್ಲ ನಟ್‌ಗಳನ್ನೂ ಇನ್ನೊಮ್ಮೆ ಬಿಗಿಯಿರಿ, ಚಕ್ರದ ನಟ್ ಸೇರಿಸಿ.

ಆ ಶನಿವಾರ ಬಿಡಿಸಿದ ನಕ್ಷೆಯನ್ನು ಈಗಿನ ವೈರಿಂಗ್‌ಗೆ ತಕ್ಕಂತೆ ಮತ್ತೆ ಬಿಡಿಸಿ ಲ್ಯಾಮಿನೇಟ್ ಮಾಡಿಸಿದೆ. ಫ್ಯೂಸ್ ಎಷ್ಟರದು, ಆಕ್ಸಲ್ ಯಾವ ಮಾಡೆಲ್‌ನದು, ಪಾಟ್ ಬಾಕ್ಸ್ ಯಾವ ಬಗೆಯದು ಎಲ್ಲ ಅದರಲ್ಲಿದೆ. ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದೇನೆ: ನಂಬರ್ ಪೆಟ್ರೋಲ್ ಗಾಡಿಯದು, ಈಗ 48 ವೋಲ್ಟ್, ಲಿಥಿಯಂ ಚಾರ್ಜರ್ ಮಾತ್ರ. ಸೀಟಿನ ಒಳಬದಿಗೆ ಅಂಟಿಸಿದ್ದೇನೆ, ಸೀಟ್ ಎತ್ತಿದವರಿಗೆ ಮೊದಲು ಕಾಣುವುದು ಅದೇ.